ಆನ್, ಆಫ್, ಅಪ್, ಔಟ್ ಮತ್ತು ನಮ್ಮಪ್ಪ

ಇಂಗ್ಲಿಷಿನ ದೊಡ್ಡ ಪದಗಳಿಂದ ಯಾರಿಗಾದರೂ ತೊಂದರೆಯಾದದ್ದನ್ನು ನಾನಂತೂ ಕಂಡಿಲ್ಲ. ಉದ್ದದ ಪದ ಬಂತು ಅಂದರೆ ಡಿಕ್ಷನರಿ ತೆಗೆಯುತ್ತೇವೆ, ಇಲ್ಲವೇ ಎಲ್ಲ ಗೊತ್ತಿರುವವರ ಹಾಗೆ ತಲೆಯಾಡಿಸುತ್ತೇವೆ. ಕಾಟ ಕೊಡುವುದೆಲ್ಲ ಆನ್, ಆಫ್, ಅಪ್, ಔಟ್‌ನಂಥ ಚಿಲ್ಟಾರಿಗಳು. ಒಂದೊಂದೇ ಇದ್ದಾಗ ಪಾಪ, ಬಾಯಲ್ಲಿ ಬೆರಳಿಟ್ಟರೂ ಕಚ್ಚುವುದಿಲ್ಲ. ಗೋ, ಗಿವ್‌ನಂಥ ಕ್ರಿಯಾಪದದ ಬಾಲ ಹಿಡಿದವೋ, ಮುಗೀತು.

ನಾವು ಕನ್ನಡದವರು ಇದಕ್ಕೆ ಒಂದು ಉಪಾಯ ಕಂಡುಕೊಂಡಿದ್ದೇವೆ. ಬಿಡಿಸಿ ನೋಡುವುದೇ ಇಲ್ಲ, ಹಾಗೇ ನುಂಗಿಬಿಡುತ್ತೇವೆ. ಬಸ್ಸಿನಲ್ಲಿ ಕಂಡಕ್ಟರ್ 'ಹೋಲ್ಡಾನ್' ಅಂದರೆ ಬಸ್ಸು ನಿಲ್ಲುತ್ತದೆ, 'ರೈಟ್ ರೈಟ್' ಅಂದರೆ ಹೊರಡುತ್ತದೆ. ಅದು ಹೋಲ್ಡ್ ಬೇರೆ, ಆನ್ ಬೇರೆ ಎಂದು ಡ್ರೈವರ್ ಯೋಚನೆ ಮಾಡುತ್ತಾ ಕೂತರೆ ಸ್ಟಾಪು ದಾಟಿ ಹೋಗಿರುತ್ತದೆ. ಮೇಷ್ಟ್ರು ಹುಡುಗನನ್ನು ಕ್ಲಾಸಿನಿಂದ ಗೆಟೌಟ್ ಮಾಡುತ್ತಾರೆ. ನಾಟಕದಲ್ಲಿ ಭೀಮನ ಗೆಟಪ್ಪು ಜೋರಾಗಿರುತ್ತದೆ. ಥಿಯೇಟರ್ ಮುಂದೆ ಹೀರೋನ ಕಟೌಟು ನಿಲ್ಲಿಸಿ, ಹಾಲಿನ ಅಭಿಷೇಕ ಮಾಡಿ, ಕ್ರೇನಿನಲ್ಲಿ ಹಾರ ಹಾಕುತ್ತಾರೆ. ಕೊನೆಗೊಂದು 'ಉ' ಅಂಟಿಸಿದರೆ ಆಯಿತು, ಅದು ನಮ್ಮ ಮನೆಯ ಕೂಸು.

ಸಮಸ್ಯೆ ಬರುವುದು ಬಿಡಿಸಿ ನೋಡುವವರಿಗೆ. ಅಂಥವರು ನಮ್ಮ ಮನೆಯಲ್ಲೇ ಇದ್ದಾರೆ. ನಮ್ಮಪ್ಪ ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ರಿಟೈರಾದವರು. ಯಾವ ಕಾಗದವನ್ನೂ ಪೂರ್ತಿ ಓದದೆ ಸಹಿ ಹಾಕಿದವರಲ್ಲ. ಆದರೆ ವಾಟ್ಸಾಪ್ ಬಂದ ಮೇಲೆ ಅವರೂ ಮೊದಲ ಸಾಲು ಮಾತ್ರ ಓದುವ ಮಟ್ಟಕ್ಕೆ ಇಳಿದಿದ್ದಾರೆ.

ಒಂದು ದಿನ ನಮ್ಮ ಅಪಾರ್ಟ್‌ಮೆಂಟಿನ ಗ್ರೂಪಿನಲ್ಲಿ, 'ಬಿ ಬ್ಲಾಕ್ ಫೈರ್ ಅಲಾರಂ ವೆಂಟ್ ಆಫ್' ಎಂದು ಮೆಸೇಜು ಬಂತು. ಎಲ್ಲರೂ ಗೇಟಿನ ಹತ್ತಿರ ಬನ್ನಿ ಎಂದು ಕೆಳಗೆ ಬರೆದಿತ್ತು. ಅಪ್ಪ ಮೊದಲ ಸಾಲು ಓದಿದರು. ಅಲಾರಂ ಆಫ್ ಆಯ್ತಾ, ಸದ್ಯ, ಒಳ್ಳೆಯದೇ ಆಯ್ತು ಅಂದುಕೊಂಡು, ಸೌಜನ್ಯಕ್ಕೆ 'ವೆರಿ ಗುಡ್' ಎಂದು ಉತ್ತರ ಹಾಕಿದರು. ಜೊತೆಗೊಂದು ಹೆಬ್ಬೆರಳು. ಆಮೇಲೆ ಕಾಫಿ ಲೋಟ ಹಿಡಿದು ಪೇಪರಿನಲ್ಲಿ ಮುಳುಗಿದರು.

ಕೆಳಗೆ ಬಿ ಬ್ಲಾಕಿನವರೆಲ್ಲ ನೈಟಿ, ಬರ್ಮುಡಾ, ತಲೆಗೆ ಟವೆಲ್ಲು ಎಂದು ಸಿಕ್ಕಿದ ವೇಷದಲ್ಲಿ ನಿಂತಿದ್ದಾರೆ. ಎಲ್ಲರ ಕೈಯಲ್ಲೂ ಫೋನು. ಫೋನಿನಲ್ಲಿ ನಮ್ಮಪ್ಪನ ವೆರಿ ಗುಡ್ಡು. ಮೊದಲೇ ಪಾರ್ಕಿಂಗ್ ವಿಷಯದಲ್ಲಿ ನಮ್ಮ ಬ್ಲಾಕಿಗೂ ಅವರ ಬ್ಲಾಕಿಗೂ ಅಷ್ಟಕ್ಕಷ್ಟೇ. ಬೆಂಕಿ ಎಲ್ಲೂ ಬಿದ್ದಿರಲಿಲ್ಲ ಅನ್ನಿ. ಯಾರೋ ಸಾರಿನ ಪುಡಿಗೆ ಬ್ಯಾಡಗಿ ಮೆಣಸಿನಕಾಯಿ ಹುರಿಯಲಿಕ್ಕಿಟ್ಟು ಫೋನಿನಲ್ಲಿ ಮಾತಿಗೆ ನಿಂತಿದ್ದರಂತೆ. ಆದರೆ ನಮ್ಮ ಮನೆಯ ಮೇಲಿನ ಸಿಟ್ಟು ಆರಲಿಕ್ಕೆ ಗಣೇಶನ ಹಬ್ಬ ಬರಬೇಕಾಯಿತು.

ಅಪ್ಪನದು ಒಂದೇ ವಾದ. "ಲೈಟ್ ಆಫ್ ಆದ್ರೆ ಆರಿಹೋಯ್ತು ಅಂತ. ಫ್ಯಾನ್ ಆಫ್ ಆದ್ರೆ ನಿಂತ್ಹೋಯ್ತು ಅಂತ. ಅಲಾರಂ ಆಫ್ ಆದ್ರೆ ಮಾತ್ರ ಬಡ್ಕೊಳ್ತಾ ಇದೆ ಅಂತಾನಾ? ಇದ್ಯಾವ ನ್ಯಾಯನೋ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಬಾಂಬೂ ಹಾಗೇ ಅಪ್ಪ, ಆಫ್ ಆದರೆ ಸಿಡಿಯಿತು ಅಂತ ಅರ್ಥ ಅಂದೆ. ಅವರು ನನ್ನನ್ನು ನೋಡಿದ ರೀತಿ ನೋಡಿದರೆ ಈ ಭಾಷೆಯನ್ನು ನಾನೇ ಮಾಡಿದ್ದೇನೋ ಅನ್ನಿಸುವಂತಿತ್ತು.

ಇಷ್ಟಾದ ಮೇಲೂ ಮಗಳಿಗೆ ಇಂಗ್ಲಿಷ್ ಗ್ರಾಮರ್ ಹೇಳಿಕೊಡುವ ಕೆಲಸವನ್ನು ಅಪ್ಪ ಬಿಟ್ಟುಕೊಡಲಿಲ್ಲ. ಟೆಸ್ಟಿಗೆ ಗಿವ್ ಅಪ್, ಗಿವ್ ಇನ್, ಗಿವ್ ಅವೇ, ಗಿವ್ ಆಫ್ ಎಂದು ಒಂದು ಪಟ್ಟಿ ಕೊಟ್ಟಿದ್ದರು. ಅಪ್ಪ ಪೆನ್ಸಿಲ್ ಕಿವಿಗೆ ಸಿಕ್ಕಿಸಿಕೊಂಡು ಶುರು ಮಾಡಿದರು.

"ಗಿವ್ ಅಂದ್ರೆ ಕೊಡು. ಅಪ್ ಅಂದ್ರೆ ಮೇಲೆ. ಗಿವ್ ಅಪ್ ಅಂದ್ರೆ ಮೇಲಿನವರಿಗೆ ಕೊಡು."

"ಅಲ್ಲ ತಾತ, ಆಸೆ ಬಿಡೋದು ಅಂತ ಮಿಸ್ ಹೇಳಿದ್ದಾರೆ."

ಅಪ್ಪ ಸ್ವಲ್ಪ ಹೊತ್ತು ಯೋಚಿಸಿದರು. ಮೂವತ್ತು ಚಿಲ್ಲರೆ ವರ್ಷದ ಸರ್ವಿಸು ಕಣ್ಮುಂದೆ ಬಂದಿರಬೇಕು. "ಸರಿಯಾಗೇ ಇದೆ. ಕಾಗದ ಮೇಲಿನವರಿಗೆ ಕೊಟ್ಟ ಮೇಲೆ ಆಸೆ ಬಿಡೋದೇ ತಾನೆ?"

ಅಲ್ಲಿಂದ ಅವರಿಗೆ ಹುರುಪು ಬಂತು. ಕಚೇರಿಯಲ್ಲಿ ಕೇಸ್ ವರ್ಕರ್ ಫೈಲನ್ನು ಶಿರಸ್ತೇದಾರರಿಗೆ ಪುಟಪ್ ಮಾಡುವುದು, ಶಿರಸ್ತೇದಾರರು ತಹಸೀಲ್ದಾರರಿಗೆ ಪುಟಪ್ ಮಾಡುವುದು ಎಲ್ಲವನ್ನೂ ವಿವರಿಸಿದರು. "ಹಾಗೆ ಪುಟಪ್ ಆದ ಫೈಲು ಮೇಲೆ ಹೋಗಿ ಪುಟಾಫ್ ಆಗುತ್ತೆ. ಅರ್ಜಿ ಕೊಟ್ಟವನು ಅದನ್ನ ಪುಟಪ್ ವಿತ್ ಮಾಡ್ಕೋಬೇಕು. ಇಷ್ಟೇ ಪುಟ್ಟೀ, ಇದರಲ್ಲೇನಿದೆ?" ಮೂರೂ ಅರ್ಥ ಸರಿಯಾಗಿತ್ತು! ಮಗಳಿಗೆ ಹತ್ತಕ್ಕೆ ಒಂಬತ್ತು ಬಂತು. ಕಳೆದ ಒಂದು ಮಾರ್ಕು ಗಿವ್ ಅವೇದು. ಅದನ್ನು ಅವಳು ಬಗರ್‌ಹುಕುಂ ಜಮೀನು ಎಂದು ಬರೆದು ಬಂದಿದ್ದಳು.

ಅಪ್ಪನಿಗೆ ಸಮಾಧಾನವಾಗಲಿ ಎಂದು ಸ್ಯಾಮ್ಯುಯೆಲ್ ಜಾನ್ಸನ್ ವಿಷಯ ಹೇಳಿದೆ. 1755ರಲ್ಲಿ ಇಂಗ್ಲಿಷ್ ಡಿಕ್ಷನರಿ ಬರೆದ ಮಹಾನುಭಾವ. ಕ್ರಿಯಾಪದದ ಹಿಂದೆ ಸಣ್ಣ ಪದ ಸೇರಿಸಿ ಅರ್ಥವನ್ನೇ ಬದಲಿಸುವುದು ನಮ್ಮ ಭಾಷೆಯಲ್ಲಿ ಜಾಸ್ತಿ, ಹೊರಗಿನವರಿಗೆ ಎಲ್ಲಕ್ಕಿಂತ ಕಷ್ಟ ಅದೇ ಎಂದು ಅವನೇ ಮುನ್ನುಡಿಯಲ್ಲಿ ಒಪ್ಪಿಕೊಂಡಿದ್ದಾನೆ. ಫಾಲ್ ಆನ್ ಅಂದರೆ ಮೇಲೆ ಬೀಳುವುದು, ಫಾಲ್ ಆಫ್ ಅಂದರೆ ಧರ್ಮ ಬಿಡುವುದು ಎಂದೆಲ್ಲ ಉದಾಹರಣೆ ಕೊಟ್ಟಿದ್ದಾನೆ. "ತಪ್ಪೊಪ್ಪಿಗೆ ಲಿಖಿತದಲ್ಲಿದೆಯಾ?" ಎಂದು ಅಪ್ಪ ಕೇಳಿದರು. ಇದೆ ಅಂದೆ. ಆವತ್ತು ಒಂದು ಕಪ್ ಕಾಫಿ ಜಾಸ್ತಿ ಕುಡಿದರು.

ಜಾನ್ಸನ್ ಮುಂದಿನವರೂ ಸುಧಾರಿಸಲಿಲ್ಲ. ಆಕ್ಸ್‌ಫರ್ಡ್ ಡಿಕ್ಷನರಿಯ 1989ರ ಎರಡನೇ ಆವೃತ್ತಿಯಲ್ಲಿ 'ಸೆಟ್' ಅನ್ನುವ ಒಂದು ಕ್ರಿಯಾಪದಕ್ಕೆ 430 ಅರ್ಥ ಕೊಟ್ಟಿದ್ದಾರೆ. ನಮಗೆ ಅಷ್ಟೆಲ್ಲ ಬೇಡ. ಸಂಬಂಧ ಸೆಟ್ಟಾಯ್ತು, ಟೈಲರ್ ಸೆಟ್ಟಾದ, ಬೆಂಗಳೂರಿನ ಹವಾ ಸೆಟ್ಟಾಗಲಿಲ್ಲ. ತಿಂಡಿಗೆ ಸೆಟ್ ದೋಸೆ. ಜೀವನ ನಡೆಯುತ್ತೆ.

ಇಷ್ಟಕ್ಕೂ ಇಂಗ್ಲಿಷನ್ನೇ ಯಾಕೆ ಬೈಯಬೇಕು? ನಮ್ಮ ಆಫೀಸಿಗೆ ಲಖನೌದಿಂದ ಒಬ್ಬರು ಬಂದರು. ಬಂದ ದಿನದಿಂದ ಕನ್ನಡ ಕಲಿಯಲು ಹಟ ಹಿಡಿದು ಕೂತವರು. ರಾಜ್ಯೋತ್ಸವದ ದಿನ ಮೈಕು ಹಿಡಿದು ಕನ್ನಡದಲ್ಲೇ ಮಾತಾಡಿದರು. ಸಹಾಯ ಮಾಡಿದವರಿಗೆಲ್ಲ ಥ್ಯಾಂಕ್ಸ್ ಹೇಳಿ, ಮ್ಯಾನೇಜರ್ ಕಡೆ ತಿರುಗಿ, "ನಮ್ಮ ಮೇಡಂ ತುಂಬಾ ಒಳ್ಳೆಯವರು. ಕಷ್ಟ ಬಂದಾಗ ಯಾವಾಗ್ಲೂ ಕೈ ಕೊಡ್ತಾರೆ" ಅಂದರು. ಚಪ್ಪಾಳೆ ಅಂದರೆ ಚಪ್ಪಾಳೆ. ಅಷ್ಟು ಮನಸ್ಸು ಬಿಚ್ಚಿ ನಮ್ಮ ಆಫೀಸಿನಲ್ಲಿ ಯಾರೂ ಚಪ್ಪಾಳೆ ತಟ್ಟಿದ್ದಿಲ್ಲ. ಮೇಡಂ ಒಬ್ಬರು ತಟ್ಟಲಿಲ್ಲ.

ಊಟದ ಹೊತ್ತಿಗೆ ಅವರನ್ನು ಕೂರಿಸಿಕೊಂಡು ಪಾಠ ಮಾಡಿದೆ. ಕೈ ಹಿಡಿದರೆ ಮದುವೆ. ಕೈ ಬಿಟ್ಟರೆ ಕೋರ್ಟು. ಕೈ ಮಾಡಿದರೆ ಪೊಲೀಸು. ಕೈ ಎತ್ತಿದರೆ ಇನ್ನು ನನ್ನಿಂದ ಆಗಲ್ಲ ಅಂತ. ಕೆಲಸಕ್ಕೆ ಕೈ ಹಾಕಬಹುದು, ಜೇಬಿಗೆ ಹಾಕಬಾರದು. ಅವರು ಹೋಳಿಗೆ ಮರೆತು ಕೇಳುತ್ತಾ ಕೂತಿದ್ದರು.

"ಹಾಗಾದ್ರೆ ಹೆಲ್ಪ್ ಮಾಡೋದಕ್ಕೆ ಏನಂತೀರಿ?"

"ಕೈ ಜೋಡಿಸೋದು."

"ನಮ್ಮ ಹಿಂದಿಯಲ್ಲಿ ಕೈ ಜೋಡಿಸೋದು ಅಂದ್ರೆ ಕೈ ಮುಗಿದು ಬೇಡ್ಕೊಳ್ಳೋದು ಅಲ್ವಾ?"

"ಈ ಆಫೀಸಲ್ಲಿ ಮೊದಲು ನಿಮ್ಮ ಅರ್ಥದಲ್ಲಿ ನೀವು ಜೋಡಿಸಿ. ಆಮೇಲೆ ನಮ್ಮ ಅರ್ಥದಲ್ಲಿ ಅವರು ಜೋಡಿಸ್ತಾರೆ" ಅಂದೆ.