ಮೇಜರ್ ಕಂಪ್ಯೂಟರ್, ಮೈನರ್ ಆಮೆ

ಮೈನರ್ ಸಬ್ಜೆಕ್ಟ್ ಆರಿಸ್ಕೊಳ್ಳಿ ಅಂತ ಯೂನಿವರ್ಸಿಟಿಯವ್ರು ಪೋರ್ಟಲ್ ಓಪನ್ ಮಾಡಿದಾಗ ನಾನು ಮಲಗಿದ್ದೆ. ಎದ್ದು ನೋಡೋ ಹೊತ್ತಿಗೆ ಸೈಕಾಲಜಿ ಫುಲ್, ಎಕನಾಮಿಕ್ಸ್ ಫುಲ್, ಉಳಿದಿದ್ದು ಸ್ಟ್ಯಾಟಿಸ್ಟಿಕ್ಸ್ ಮತ್ತೆ ಜಾಪನೀಸ್. ಅನಿಮೆ ಗಿನಿಮೆ ನೋಡಿ ಹುಚ್ಚು ಹಿಡಿಸ್ಕೊಂಡವನಲ್ಲ ನಾನು, ಸ್ಟ್ಯಾಟಿಸ್ಟಿಕ್ಸ್ ಭಯಕ್ಕೆ ಜಪಾನಿಗೆ ಓಡಿಹೋದವನು. ಮನೇಲಿ ಹೇಳಿದ್ರೆ ಅಜ್ಜಿ "ಹತ್ತೊಂಬತ್ತು ತುಂಬ್ತಲ್ಲೋ, ಇನ್ನೂ ಎಂಥ ಮೈನರ್ರು" ಅಂದ್ರು.

ಮೊದಲ ವಾರ ಮಜವಾಗಿತ್ತು. ಹಿರಗಾನ ಅನ್ನೋ ಲಿಪೀಲಿ 46 ಅಕ್ಷರ, ಅ ಇ ಉ ಎ ಒ ಅಂತ ಶುರು, ಆಮೇಲೆ ಕ ಸ ತ ನ ಹ ಮ ಯ ರ ವ, ಇದನ್ನೆಲ್ಲೋ ಕೇಳಿದೀನಲ್ಲ ಅನ್ಕೊಳ್ತಿದ್ದ ಹಾಗೇ ಸೆನ್ಸೇ ಹೇಳಿದ್ರು, ಹಿಂದೆ ಅಲ್ಲಿನ ಬೌದ್ಧ ಭಿಕ್ಷುಗಳು ಸಂಸ್ಕೃತಕ್ಕೋಸ್ಕರ ಸಿದ್ಧಂ ಲಿಪಿ ಕಲೀತಿದ್ರು, ಆ ವರ್ಣಮಾಲೆ ಪ್ರಭಾವ ಇದು ಅಂತ. (ಸೆನ್ಸೇ ಅಂದ್ರೆ ಟೀಚರ್, ಇಲ್ಲಿ ನಮ್ಮ ಮೇಡಂ. ಮೈಸೂರಿನವ್ರು, ಜಪಾನಲ್ಲಿ ಬಹಳ ವರ್ಷ ಇದ್ದು ಬಂದವ್ರು, ಆದ್ರೆ ಕ್ಲಾಸಲ್ಲಿ ಕನ್ನಡ ಒಂದಕ್ಷರ ಆಡಲ್ಲ.) ಅವತ್ತಿಡೀ ಜಪಾನಿಗೆ ಅಕ್ಷರ ಪಾರ್ಸೆಲ್ ಮಾಡಿದ್ದೇ ನಾನು ಅನ್ನೋ ಥರ ಓಡಾಡ್ದೆ. ಆಮೇಲೆ ಕಟಕಾನ ಅನ್ನೋ ಇನ್ನೊಂದು ಲಿಪಿ ಬಂತು. ಅದ್ರಲ್ಲಿ ಶಿ ಮತ್ತೆ ತ್ಸು ಒಂದೇ ಥರ, ಸೊ ಮತ್ತೆ ನ್ ಒಂದೇ ಥರ, ಗೆರೆ ಚೂರು ಮಲಗಿದ್ರೆ ಒಂದು, ಎದ್ದು ನಿಂತ್ರೆ ಇನ್ನೊಂದು. ನನ್ನ ಟೆಸ್ಟ್ ಪೇಪರ್‌ಗೆ ಸೆನ್ಸೇ ಕೆಂಪು ಪೆನ್ನಲ್ಲಿ ಕುಂಕುಮಾರ್ಚನೆ ಮಾಡಿದ್ರು. ಇದು ಸಾಲದು ಅಂತ ಚೀನಾದಿಂದ ಬಂದ ಕಾಂಜಿ ಅಕ್ಷರಗಳು ಬೇರೆ, ದಿನಬಳಕೇದೇ 2136 ಇದೆಯಂತೆ, ಆ ಕಡೆ ನಾನು ತಲೇನೇ ಹಾಕಲ್ಲ.

ಗ್ರಾಮರ್ ಮಾತ್ರ ನಮ್ದೇ ಸ್ವಾಮಿ. ಕ್ರಿಯಾಪದ ಕೊನೇಗೆ, ಪ್ರತ್ಯಯ ನಾಮಪದದ ಹಿಂದೆ. "ಬೆಂಗಳೂರು ಕರ" ಅಂದ್ರೆ ಬೆಂಗಳೂರಿಂದ. "ತಬೆತೆ ಮಿಮಸು" ಅಂದ್ರೆ ತಿಂದು ನೋಡ್ತೀನಿ, ಅದೂ ನಾವು ಹೇಳೋ ಹಾಗೇ, ತಿನ್ನೋದು ಆಮೇಲೆ ನೋಡೋದು. "ತಬೆತೆ ಶಿಮತ್ತ" ಅಂದ್ರೆ ತಿಂದ್‌ಬಿಟ್ಟೆ, ಆ 'ಬಿಟ್ಟೆ'ಲಿರೋ ಅಯ್ಯೋ ಸಮೇತ. ಕ್ಲಾಸಿನ ಟಾಪರ್ರು ಎಲ್ಲಾನೂ ಇಂಗ್ಲಿಷಿಗೆ ತಿರುಗಿಸಿ ವಾಕ್ಯಾನ ಬಾಲದಿಂದ ಹಿಡಿದು ಒದ್ದಾಡ್ತಿದ್ರೆ ನಾನು ಕನ್ನಡದಲ್ಲಿ ಯೋಚಿಸಿ ಪದ ಬದಲಾಯಿಸ್ತಿದ್ದೆ ಅಷ್ಟೇ.

ಎಡವಿದ್ದು ಆ ಪದಗಳ ಹತ್ರಾನೇ. ಇದು, ಅದು, ಆಚೆ ಇರೋ ಅದು, ಯಾವ್ದು ಅನ್ನೋಕೆ ಕೊರೆ, ಸೊರೆ, ಅರೆ, ದೊರೆ. ಯಾವ್ದು ಅಂತ ಕೇಳ್ಬೇಕಾದಾಗೆಲ್ಲ ಕಣ್ಮುಂದೆ ಒಬ್ಬ ಕಿರೀಟ ಹಾಕ್ಕೊಂಡು ಬಂದು ನಿಲ್ತಾನೆ. ಕುರಿ ಅಂದ್ರೆ ಚೆಸ್ಟ್‌ನಟ್. ಹಸು ಅಂದ್ರೆ ಕಮಲ. ಕಸ ಅಂದ್ರೆ ಕೊಡೆ. ನಮ್ಮ ಉಮಾ ದೊಡ್ಡಮ್ಮ ಭಾರಿ ಆಸೆಯಿಂದ "ನನ್ನ ಹೆಸ್ರಿಗೆ ಜಪಾನಲ್ಲಿ ಏನೋ ಅರ್ಥ?" ಅಂತ ಕೇಳಿದ್ರು, ನಾನೂ ಪೆದ್ದನ ಥರ ಕುದುರೆ ಅಂದ್‌ಬಿಟ್ಟೆ. ಗೌರಿ ಹಬ್ಬಕ್ಕೆ ಕೊಡೋ ದುಡ್ಡು ಆ ವರ್ಷ ಬರ್ಲಿಲ್ಲ.

ಅಪ್ಪಂದು ಇನ್ನೂ ಕಷ್ಟ. ಜಾಪನೀಸಲ್ಲಿ ಬೇರೆಯವ್ರ ಹತ್ರ ನಮ್ಮ ಅಮ್ಮನ ಬಗ್ಗೆ ಹೇಳುವಾಗ 'ಹಹ' ಅನ್ಬೇಕು, ಅಪ್ಪನಿಗೆ 'ಚಿಚಿ'. ಬೇರೆಯವ್ರ ಅಪ್ಪ ಆದ್ರೆ ಮರ್ಯಾದೆಯಾಗಿ 'ಒತೋಸಾನ್'. ರೂಮಲ್ಲಿ ಬಾಯಿಪಾಠ ಮಾಡ್ತಿದ್ದೆ, "ನನ್ನ ಚಿಚಿ ಬ್ಯಾಂಕಲ್ಲಿ ಕೆಲಸ ಮಾಡ್ತಾರೆ" ಅಂತ, ಅಪ್ಪ ಬಾಗಿಲಲ್ಲಿ ನಿಂತಿದ್ರು. ಎಲ್ಲಾ ಬಿಡಿಸಿ ಹೇಳ್ದೆ. ಅಪ್ಪ ಸ್ವಲ್ಪ ಹೊತ್ತು ಯೋಚಿಸಿ "ಊರವ್ರ ಅಪ್ಪಂದಿರೆಲ್ಲ ಒತೋಸಾನು, ಫೀಸ್ ಕಟ್ಟೋನು ಮಾತ್ರ ಛೀ ಛೀ" ಅಂದು ಹೋದ್ರು. ಅಡುಗೆಮನೆಯಿಂದ ಅಮ್ಮ ನಕ್ಕಿದ್ದು ಕೇಳಿಸ್ತು, ಹೆಸರಿಗೆ ತಕ್ಕ ಹಾಗೆ.

ಇಷ್ಟೆಲ್ಲ ತಲೇಲಿಟ್ಕೊಂಡು ಓರಲ್ ಎಕ್ಸಾಮಿಗೆ ಹೋದೆ. ಮಳೆಗೆ 'ಅಮೆ' ಅಂತಾರೆ. ನನ್ನ ತಲೆ ಅದನ್ನ ಆಮೆ ಅಂತಾನೇ ಇಟ್ಕೊಂಡಿತ್ತು, ಮಳೆ ಪಾಠ ಓದೋವಾಗೆಲ್ಲ ಆಕಾಶದಿಂದ ಒಂದೊಂದೇ ಚಿಪ್ಪು ಇಳೀತಿತ್ತು. ಸಾಲದ್ದಕ್ಕೆ ಜಾಪನೀಸಲ್ಲಿ ನಿಜವಾದ ಆಮೆಗೆ 'ಕಮೆ' ಅಂತಾರೆ. ಸೆನ್ಸೇ ಕೇಳಿದ್ರು, ಭಾನುವಾರ ಏನ್ ಮಾಡಿದ್ರಿ? ಕಬ್ಬನ್ ಪಾರ್ಕಿಗೆ ಹೋಗಿದ್ದೆ ಅಂದೆ, ಅಲ್ಲಿವರೆಗೂ ಸರಿ ಇತ್ತು, ಆಮೇಲೆ ಬಲು ಧೈರ್ಯವಾಗಿ "ದೆಮೊ, ಕಮೆ ಗ ತಕುಸಾನ್ ಫುರಿಮಶ್ತ" ಅಂದೆ. ಆದ್ರೆ ಆಮೆಗಳು ಧಾರಾಕಾರ ಸುರಿದವು ಅಂತ.

ಸೆನ್ಸೇ ಮುಖದಲ್ಲಿ ಒಂದು ಗೆರೆ ಅಲ್ಲಾಡ್ಲಿಲ್ಲ. "ತಾಯ್‌ಹೆನ್ ದೆಶ್ತ ನೆ" ಅಂದ್ರು. ತುಂಬಾ ಕಷ್ಟ ಆಯ್ತಲ್ವಾ ಅಂತ. ನಾನು ಹುರುಪಿಂದ ಹೌದು ಹೌದು, ಕೊಡೆ ಇರ್ಲಿಲ್ಲ, ಫ್ರೆಂಡೂ ನಾನೂ ಮರದಡಿ ನಿಂತಿದ್ವಿ, ಅರ್ಧ ಗಂಟೆ ಆದ್ರೂ ನಿಲ್ಲಲಿಲ್ಲ ಅಂತ ಎಲ್ಲಾ ವರದಿ ಒಪ್ಪಿಸ್ದೆ. ಇಷ್ಟು ನಿರರ್ಗಳವಾಗಿ ನಾನು ಜಾಪನೀಸ್ ಮಾತಾಡಿದ್ದೇ ಇಲ್ಲ. 20ಕ್ಕೆ 13 ಬಂತು, ವ್ಯಾಕರಣಕ್ಕೆ ಫುಲ್ ಮಾರ್ಕ್ಸು.

ನಮಸ್ಕಾರ ಮಾಡಿ ಬಾಗಿಲ ಹತ್ರ ಬಂದಿದ್ದೆ, ಹಿಂದಿನಿಂದ ಸೆನ್ಸೇ, ಆ ವರ್ಷದಲ್ಲೇ ಮೊದಲ ಸಲ, ಅಪ್ಪಟ ಮೈಸೂರು ಕನ್ನಡದಲ್ಲಿ ಅಂದ್ರು: "ಕಸ ತಗೊಂಡು ಹೋಗಪ್ಪಾ, ಹೊರಗಡೆ ಆಮೆ ಬರೋ ಹಾಗಿದೆ."