ಜಿಲ್ಲೆ ಬದಲಿಸಿರಿ, ಡಾಕ್ಟರ್ ಆಗಿರಿ

"ಎಂಟನೆಯ ತರಗತಿ ವಿದ್ಯಾರ್ಥಿಗಳ ವಿಜ್ಞಾನ ಸಾಧನೆಯ ಮೇಲೆ ಬಹುಮಾಧ್ಯಮ ಪ್ಯಾಕೇಜಿನ ಪರಿಣಾಮಕಾರಿತ್ವ: ಬೆಳಗಾವಿ ಜಿಲ್ಲೆಯನ್ನು ಅನುಲಕ್ಷಿಸಿ ಒಂದು ಅಧ್ಯಯನ." ಶೈಕ್ಷಣಿಕ ತಂತ್ರಜ್ಞಾನದಲ್ಲಿ ಪಿಎಚ್‌ಡಿ ಮಾಡಬೇಕೆನ್ನುವವರು ಈ ಶೀರ್ಷಿಕೆಯನ್ನು ಮೊದಲು ಬಾಯಿಪಾಠ ಮಾಡಿಕೊಳ್ಳಬೇಕು. ಬೆಳಗಾವಿ ತೆಗೆದು ಬಾಗಲಕೋಟೆ ಹಾಕಿದರೆ ಎರಡನೆಯ ಪಿಎಚ್‌ಡಿ, ವಿಜಯಪುರ ಹಾಕಿದರೆ ಮೂರನೆಯದು. ಎಂಟು, ಒಂಬತ್ತು, ಹತ್ತು ಎಂದು ಮೂರು ತರಗತಿ. ವಿಜ್ಞಾನ, ಗಣಿತ, ಸಮಾಜ ಎಂದು ಮೂರು ವಿಷಯ. ಪ್ರೊಜೆಕ್ಟರ್, ಸ್ಮಾರ್ಟ್ ಬೋರ್ಡ್, ಮೊಬೈಲ್ ಆ್ಯಪ್ ಎಂದು ಮೂರು ಯಂತ್ರ. ಗುಣಿಸಿದರೆ 81 ಡಾಕ್ಟರೇಟ್. ತಾಲ್ಲೂಕುಗಳಿಗೆ ಇಳಿದರೆ ಮೊಮ್ಮಕ್ಕಳ ಕಾಲಕ್ಕೂ ಸಾಲುತ್ತದೆ.

ಪ್ರವೇಶದ ಮಾತು ಬೇಗ ಮುಗಿಸೋಣ. ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ 2022ರ ನಿಯಮಾವಳಿಯಂತೆ ಪ್ರವೇಶ ಪರೀಕ್ಷೆಯ ಅರ್ಧ ಭಾಗ ಸಂಶೋಧನಾ ವಿಧಾನ, ಉಳಿದರ್ಧ ವಿಷಯಜ್ಞಾನ. ಆಯ್ಕೆಯಲ್ಲಿ ಪರೀಕ್ಷೆಗೆ ನೂರಕ್ಕೆ 70, ಸಂದರ್ಶನಕ್ಕೆ 30. ಕೋರ್ಸ್‌ವರ್ಕ್ ಕನಿಷ್ಠ 12 ಕ್ರೆಡಿಟ್, ಅದರಲ್ಲಿ ಶೇ 55 ಅಂಕ. ಅವಧಿ ಮೂರರಿಂದ ಆರು ವರ್ಷ, ಮರುನೋಂದಣಿ ಮಾಡಿಸಿದರೆ ಮತ್ತೆರಡು. ಇವೆಲ್ಲ ಸಣ್ಣ ಸಂಗತಿ. ದೊಡ್ಡದು ಗೈಡ್. ಪ್ರೊಫೆಸರಿಗೆ ಎಂಟು, ಅಸೋಸಿಯೇಟಿಗೆ ಆರು, ಅಸಿಸ್ಟಂಟಿಗೆ ನಾಲ್ಕು ಸಂಶೋಧಕರ ಮಿತಿ. ನಿವೃತ್ತಿಗೆ ಮೂರು ವರ್ಷವೂ ಉಳಿಯದವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಆದ್ದರಿಂದ ಗೈಡ್ ಸಾಹೇಬರ ಪರಿಣತಿ ಯಾವುದು ಎಂದು ಕೇಳುವ ಮೊದಲು ಜನ್ಮದಿನಾಂಕ ವಿಚಾರಿಸಿರಿ.

ಇನ್ನು ಅಳತೆಗೋಲು. ಸಾಧನಾ ಪರೀಕ್ಷೆಯನ್ನು ನೀವೇ ತಯಾರಿಸಬೇಕು. ಕ್ರಮವಾಗಿ ಮಾಡುವುದಾದರೆ 370 ಮಕ್ಕಳಿಗೆ ಕೊಟ್ಟು, ಉತ್ತರಪತ್ರಿಕೆಗಳನ್ನು ಅಂಕದ ಪ್ರಕಾರ ಜೋಡಿಸಿ, ಮೇಲಿನ ಶೇ 27 ಅಂದರೆ 100 ಹಾಗೂ ಕೆಳಗಿನ 100 ಪತ್ರಿಕೆಗಳನ್ನು ಬೇರ್ಪಡಿಸಿ, ಪ್ರತಿ ಪ್ರಶ್ನೆಯ ಕಠಿಣತೆ (ಸರಿ ಉತ್ತರ ಬರೆದವರ ಪ್ರಮಾಣ) 0.30ರಿಂದ 0.70ರ ನಡುವೆ ಇದೆಯೇ, ಜಾಣರನ್ನೂ ದಡ್ಡರನ್ನೂ ಅದು ಬೇರ್ಪಡಿಸುತ್ತದೆಯೇ ಎಂದು ನೋಡಬೇಕು. ಇಷ್ಟು ದಣಿಯುವ ಬದಲು ಮನೋಭಾವ ಮಾಪನಿ ಹಿಡಿಯುವುದು ಮೇಲು. ಅಲ್ಲಿ ಕೇಳುವುದು ಕ್ರೋನ್‌ಬಾಕ್ ಆಲ್ಫಾ ಒಂದನ್ನೇ, ಅಂದರೆ ಹೇಳಿಕೆಗಳಿಗೆ ಬಂದ ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬ ಅಳತೆ, 0.70 ದಾಟಿದರೆ ಸಾಕು. ದಾಟಿಸುವುದು ಹೇಗೆ? "ಸ್ಮಾರ್ಟ್ ಬೋರ್ಡ್ ನನಗೆ ಇಷ್ಟ", "ನಾನು ಸ್ಮಾರ್ಟ್ ಬೋರ್ಡನ್ನು ಇಷ್ಟಪಡುತ್ತೇನೆ", "ಸ್ಮಾರ್ಟ್ ಬೋರ್ಡ್ ಎಂದರೆ ನನಗೆ ಪ್ರೀತಿ" ಎಂದು 40 ಹೇಳಿಕೆ ಬರೆಯಿರಿ. ಒಂದೇ ಮಾತನ್ನು 40 ಸಲ ಕೇಳಿದರೆ ಮಕ್ಕಳು 40 ಸಲವೂ ಒಂದೇ ಉತ್ತರ ಕೊಡುತ್ತಾರೆ, ಆಲ್ಫಾ 0.90 ಮುಟ್ಟುತ್ತದೆ. ವಿಶ್ವಸನೀಯತೆ ಸಿದ್ಧವಾಯಿತು. ಅಳೆದದ್ದು ಏನನ್ನು ಎಂದು ಯಾರೂ ಕೇಳುವುದಿಲ್ಲ.

ಪ್ರಯೋಗಕ್ಕೆ ಶಾಲೆ ಬೇಕಲ್ಲ. ಸಂಶೋಧಕ ಪರವಾನಗಿ ಪತ್ರ ಹಿಡಿದು ಹೆಡ್‌ಮಾಸ್ತರರ ಮುಂದೆ ನಿಂತಾಗ ಸಂಭಾಷಣೆ ಸಾಮಾನ್ಯವಾಗಿ ಹೀಗೆ ಸಾಗುತ್ತದೆ:

"ಸರ, ಎಂಟನೇತ್ತಾ 'ಅ' ವಿಭಾಗ ಇಪ್ಪತ್ತು ದಿವಸ ಬೇಕಾಗಿತ್ರಿ. ಪ್ರೊಜೆಕ್ಟರ್ ಮ್ಯಾಲೆ ಪಾಠ ಮಾಡೂದೈತ್ರಿ."

"ಹುಡುಗೂರ್ನ ತಗೋರಿ, ಬ್ಯಾಡ ಅನ್ನಂಗಿಲ್ಲ. ಪ್ರೊಜೆಕ್ಟರ್ ತಿಜೋರ್‍ಯಾಗ ಐತಿ. ಕೀಲಿಕೈ ಹಿಂದಿನ ಹೆಡ್‌ಮಾಸ್ತರ ಹತ್ರ ಉಳದೈತಿ, ಅವ್ರಿಗೆ ಹುನಗುಂದಕ್ಕ ವರ್ಗ ಆಗೇತ್ರಿ."

ಅವರನ್ನು ದೂರಬೇಡಿ. ಪ್ರೊಜೆಕ್ಟರ್ ಡೆಡ್‌ಸ್ಟಾಕ್ ರಿಜಿಸ್ಟರಿನಲ್ಲಿ, ಅಂದರೆ ಶಾಲೆಯ ಸಾಮಾನಿನ ಲೆಕ್ಕದ ಪುಸ್ತಕದಲ್ಲಿ ಬರೆದ ವಸ್ತು. ಹೊರಗೆ ತೆಗೆದು ಬಲ್ಬು ಹೋದರೆ ಲೆಕ್ಕ ತಪಾಸಣೆಯಲ್ಲಿ ಉತ್ತರ ಕೊಡಬೇಕಾದವರು ಅವರೇ. ಒಳಗಿಟ್ಟಿದ್ದರಿಂದ ಎಷ್ಟು ಮಕ್ಕಳು ಕಲಿಯಲಿಲ್ಲ ಎಂದು ಕೇಳುವ ತಪಾಸಣೆ ಇನ್ನೂ ಬಂದಿಲ್ಲ. ಹೀಗಾಗಿ ಸಂಶೋಧಕನೇ ಪ್ರೊಜೆಕ್ಟರ್, ಸ್ಪೀಕರ್, ಎಕ್ಸ್‌ಟೆನ್ಷನ್ ಬೋರ್ಡ್ ಹೊತ್ತು ತರುತ್ತಾನೆ. ಕರೆಂಟ್ ಹೋದರೆ ಅಂದಿನ ಪ್ರಯೋಗ ಕರಿಹಲಗೆಯ ಮೇಲೆ ನಡೆಯುತ್ತದೆ. ಪ್ರಬಂಧದಲ್ಲಿ ಅದು "ಮಿಶ್ರ ಕಲಿಕೆ".

'ಬ' ವಿಭಾಗ ನಿಯಂತ್ರಿತ ಗುಂಪು. ಅವರಿಗೆ ಪ್ಯಾಕೇಜ್ ತೋರಿಸಬಾರದು. ಆದರೆ ಎರಡು ಕೋಣೆಗಳ ನಡುವೆ ಒಂದೇ ಗೋಡೆ, ಅದಕ್ಕೊಂದು ಮುರಿದ ಕಿಟಕಿ. 'ಬ' ವಿಭಾಗದ ಅರ್ಧ ಜನ ಆ ಕಿಟಕಿಯಲ್ಲೇ ಇರುತ್ತಾರೆ. ಉಳಿದರ್ಧಕ್ಕೆ ಬಿಸಿಯೂಟದ ಸಾಲಿನಲ್ಲಿ 'ಅ' ವಿಭಾಗದವರು ಹೃದಯದ ನಾಲ್ಕು ಕೋಣೆಗಳ ಕತೆ ಹೇಳಿರುತ್ತಾರೆ. ನಿಯಂತ್ರಣ ಅಲ್ಲಿಗೆ ಮುಗಿಯಿತು. ಈ ನಡುವೆ ಕಬ್ಬಿನ ಹಂಗಾಮು ಶುರುವಾಗುತ್ತದೆ, ಗೋವಾ, ಮಹಾರಾಷ್ಟ್ರದ ಕಡೆ ಗುಳೆ ಹೊರಟ ತಾಯಿ ತಂದೆಯರೊಡನೆ ಮಕ್ಕಳೂ ಹೊರಡುತ್ತಾರೆ. ಪಾಠಕ್ಕೆ ಮೊದಲಿನ ಪೂರ್ವ ಪರೀಕ್ಷೆಗೆ ಕೂತವರು 30 ಇದ್ದರೆ ಪಾಠದ ನಂತರದ ಉತ್ತರ ಪರೀಕ್ಷೆಯ ಹೊತ್ತಿಗೆ 23 ಉಳಿದಿರುತ್ತಾರೆ. ಹೀಗೆ ಹೋದವರು ಸಾಮಾನ್ಯವಾಗಿ ಬಡವರ ಮಕ್ಕಳು, ಹಾಜರಾತಿ ಕಡಿಮೆ ಇದ್ದವರು. ಅವರು ಬಿಟ್ಟುಹೋದದ್ದರಿಂದಲೇ ಸರಾಸರಿ ತಾನಾಗಿ ಏರುತ್ತದೆ. ಪ್ರಬಂಧದ ಕೋಷ್ಟಕದಲ್ಲಿ ಮಾತ್ರ ಯಾರೂ ಗುಳೆ ಹೋಗುವುದಿಲ್ಲ. ಮೊದಲೂ 30, ಕೊನೆಗೂ 30.

ಫಲಿತಾಂಶದ ಚಿಂತೆ ಬೇಡ. ತಲಾ 30 ಮಕ್ಕಳ ಎರಡು ಗುಂಪಾದರೆ, ಸರಾಸರಿಗಳ ಅಂತರ ಆಕಸ್ಮಿಕವಲ್ಲ ಎನ್ನಲು 0.05 ಮಟ್ಟದಲ್ಲಿ 'ಟಿ' ಬೆಲೆ 2.00 ದಾಟಬೇಕು. ದಾಟದಿದ್ದರೆ ನಿಯಂತ್ರಿತ ಗುಂಪನ್ನು ಮೆಲ್ಲಗೆ ಬದಿಗಿಟ್ಟು, ಪ್ರಾಯೋಗಿಕ ಗುಂಪಿನ ಪೂರ್ವ, ಉತ್ತರ ಪರೀಕ್ಷೆಗಳನ್ನಷ್ಟೇ ಹೋಲಿಸಿರಿ. ಪಾಠ ಹೇಳುವ ಮೊದಲಿಗಿಂತ ಹೇಳಿದ ಮೇಲೆ ಮಕ್ಕಳಿಗೆ ಹೆಚ್ಚು ಅಂಕ ಬಂದವು ಎಂಬ ಮಹಾಶೋಧ ಕೈಗೆ ಬರುತ್ತದೆ, 'ಟಿ' ಬೆಲೆ ಮುಗಿಲಿಗೆ ಏರುತ್ತದೆ. 'ವ್ಯತ್ಯಾಸವೇ ಇಲ್ಲ' ಎನ್ನುವ ಶೂನ್ಯ ಪ್ರಾಕ್ಕಲ್ಪನೆ ತಿರಸ್ಕೃತ! ಪರಿಣಾಮದ ಗಾತ್ರ ಎಷ್ಟು ಎಂದು ಲೆಕ್ಕ ಹಾಕಲು ಹೋಗಬೇಡಿ. ಮೂರು ತಿಂಗಳು ಬಿಟ್ಟು ಅದೇ ಪರೀಕ್ಷೆಯನ್ನು ಮತ್ತೊಮ್ಮೆ ಕೊಡುವ ಕೆಟ್ಟ ವಿಚಾರವಂತೂ ಮನಸ್ಸಿಗೆ ಬರಲೇಬಾರದು. ಹೊಸ ಯಂತ್ರ ಕಂಡ ಮಕ್ಕಳ ಹುಮ್ಮಸ್ಸು ಅಷ್ಟು ದಿನ ನಿಲ್ಲುವುದಿಲ್ಲ.

ಅಮೆರಿಕದ ರಿಚರ್ಡ್ ಕ್ಲಾರ್ಕ್ ಎಂಬ ಸಂಶೋಧಕ 1983ರಲ್ಲೇ ಒಂದು ತಕರಾರು ಎತ್ತಿದ್ದರು: ಕಿರಾಣಿ ಸಾಮಾನು ತರುವ ಲಾರಿಯಿಂದ ನಮ್ಮ ಪೌಷ್ಟಿಕತೆ ಹೆಚ್ಚದಂತೆ, ಪಾಠ ತಲುಪಿಸುವ ಮಾಧ್ಯಮದಿಂದಲೇ ಕಲಿಕೆ ಹೆಚ್ಚುವುದಿಲ್ಲ, ಹೆಚ್ಚಿತೆಂದರೆ ಪಾಠವನ್ನು ಚೆನ್ನಾಗಿ ಹೆಣೆದದ್ದೋ, ಹೊಸತನವೋ ಕಾರಣ. ಇದನ್ನು ಒಪ್ಪದೆ ವಾದಿಸಿದವರೂ ಇದ್ದಾರೆ, ಆ ಜಗಳ ಓದಲು ರುಚಿಕರವಾಗಿದೆ. ನಮ್ಮ ಕಡೆಯ ಅನೇಕ ಪ್ರಬಂಧಗಳಲ್ಲಿ ಕ್ಲಾರ್ಕ್ ಸಾಹಿತ್ಯ ಸಮೀಕ್ಷೆಯ ಅಧ್ಯಾಯದಲ್ಲಿ ಅರ್ಧ ಪುಟ ಕೂತು, ತೀರ್ಮಾನದ ಐದನೆಯ ಅಧ್ಯಾಯ ಬರುವಷ್ಟರಲ್ಲಿ ಎದ್ದುಹೋಗಿರುತ್ತಾರೆ. ಆ ಸಮೀಕ್ಷೆಯೂ ಗೋಲಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಂತೆ: ಯಾರೋ ಒಬ್ಬರು ಒಮ್ಮೆ ಅಂದದ್ದು ಏಳು ಪ್ರಬಂಧಗಳಲ್ಲಿ ಮರುದನಿಸುತ್ತದೆ, ಕಾಗುಣಿತದ ತಪ್ಪಿನ ಸಮೇತ.

ನಕಲು ಪತ್ತೆಯ ಭಯವೇ? ಯುಜಿಸಿಯ 2018ರ ನಿಯಮದಂತೆ ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲ. 10 ದಾಟಿ 40ರವರೆಗೆ ಇದ್ದರೆ ತಿದ್ದಿ ಮತ್ತೆ ಸಲ್ಲಿಸಬೇಕು. 60 ದಾಟಿದರೆ ನೋಂದಣಿಯೇ ರದ್ದು. ಆಕಸ್ಮಿಕವಾಗಿ ಹೊಂದುವ ಸತತ 14 ಪದಗಳಿಗೆ ವಿನಾಯಿತಿ ಉಂಟು. ಹೀಗಾಗಿ ಹದಿನೈದನೆಯ ಪದಕ್ಕೊಮ್ಮೆ 'ಮತ್ತು' ತೆಗೆದು 'ಹಾಗೂ' ಹಾಕುವುದೇ ಕೆಲವರ ಮೂಲ ಸಂಶೋಧನೆ. ಕನ್ನಡದಲ್ಲಿ ಬರೆಯುವವರಿಗೆ ಅಷ್ಟೂ ಶ್ರಮವಿಲ್ಲ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿದರೆ ಕಣ್ಣಿಗೆ ಕಾಣುವುದು ಕನ್ನಡ. ಕಡತದೊಳಗೆ ಇರುವುದು ಇಂಗ್ಲಿಷ್, ಯುರೋಪಿನ ಅಕ್ಷರಗಳ ಸಂಕೇತ. ಯುನಿಕೋಡಿನಲ್ಲಿರುವ ಮೂಲದೊಡನೆ ಅದು ಎಲ್ಲಿಯೂ ತಾಳೆಯಾಗುವುದಿಲ್ಲ. ಹೋಲಿಕೆ ಸೊನ್ನೆ ಎಂಬ ಪ್ರಮಾಣಪತ್ರ ಹೊರಬರುತ್ತದೆ. ಇದರ ಇನ್ನೊಂದು ಫಲವೆಂದರೆ, ಆ ಪ್ರಬಂಧ ಪಿಎಚ್‌ಡಿ ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾ ಸೇರಿದ ಮೇಲೆ ಕನ್ನಡ ಪದ ಹಾಕಿ ಹುಡುಕುವ ಯಾವನಿಗೂ ಸಿಗುವುದಿಲ್ಲ. ಕಳ್ಳನೂ ಸುರಕ್ಷಿತ, ಮಾಲೂ ಸುರಕ್ಷಿತ. ಶೈಕ್ಷಣಿಕ ತಂತ್ರಜ್ಞಾನದ ಅತ್ಯಂತ ಪರಿಣಾಮಕಾರಿ ಬಳಕೆ ಈ ಸೀಮೆಯಲ್ಲಿ ಇದೇ ಇರಬೇಕು.

ಲೇಖನ ಪ್ರಕಟಿಸುವುದನ್ನು 2022ರ ನಿಯಮಾವಳಿ ಕಡ್ಡಾಯ ಮಾಡಿಲ್ಲ. ಆದರೂ "ಎರಡು ಪೇಪರ್ ಇರಲಿ" ಎನ್ನುವ ಕಡೆ ಹಣ ಕಟ್ಟಿದ ಮೂರನೆಯ ದಿನಕ್ಕೆ ಅಚ್ಚು ಹಾಕುವ 'ಅಂತರರಾಷ್ಟ್ರೀಯ' ನಿಯತಕಾಲಿಕೆಗಳಿವೆ. ಮುಂದೆ ಹೋಗೋಣ.

ವೈವಾವನ್ನು, ಅಂದರೆ ಕೊನೆಯ ಮೌಖಿಕ ಪರೀಕ್ಷೆಯನ್ನು ಆನ್‌ಲೈನ್‌ನಲ್ಲಿ ನಡೆಸಲು ನಿಯಮವೇ ಅವಕಾಶ ಕೊಟ್ಟಿದೆ. ದೂರಶಿಕ್ಷಣದ ಪರಿಣಾಮಕಾರಿತ್ವವನ್ನು 300 ಪುಟಗಳಲ್ಲಿ ಸಾಧಿಸಿದ ಅಭ್ಯರ್ಥಿ ಇದನ್ನು ಬಳಸಿಕೊಳ್ಳುತ್ತಾನೆಂದು ನೀವು ತಿಳಿದಿರಬಹುದು. ಆದರೆ ಶೇಂಗಾ ಹೋಳಿಗೆ ಆನ್‌ಲೈನ್‌ನಲ್ಲಿ ಬಡಿಸಲು ಬರುವುದಿಲ್ಲ. ಹೀಗಾಗಿ ಪರೀಕ್ಷಕರಿಗೆಂದು ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣಕ್ಕೆ ಕಾರು, ಲಾಡ್ಜಿನಲ್ಲಿ ಏಸಿ ರೂಮು, ಮಧ್ಯಾಹ್ನಕ್ಕೆ ಎಣ್ಣೆಗಾಯಿ, ಕಟಕ ರೊಟ್ಟಿ, ಹೋಳಿಗೆ. ಹೊರಡುವಾಗ ಒಂದು ಕಿಲೋ ಕುಂದಾ, ಅಮೀನಗಡದ ಕರದಂಟು, ಮನೆಯವರಿಗೆಂದು ಇಳಕಲ್ ಸೀರೆ. ಪರೀಕ್ಷಕರು ಕೇಳುವ ಪ್ರಶ್ನೆ ಒಂದೇ: "ಸ್ಯಾಂಪಲ್ 30 ಯಾಕ?" ಉತ್ತರವೂ ಒಂದೇ: "ಸಮಯದ ಮಿತಿ ಇತ್ರಿ ಸರ." ಚಪ್ಪಾಳೆ.

ಕೊನೆಯದಾಗಿ ತಿದ್ದಿದ ಪ್ರತಿ. ಬಂಗಾರದ ಅಕ್ಷರದ ರೆಕ್ಸಿನ್ ಬೈಂಡ್, ಪ್ರತಿಯೊಂದರಲ್ಲೂ ಗೈಡ್ ಸಾಹೇಬರ ಹಸಿ ಸಹಿ, ಜೊತೆಗೆ ಒಂದು ಸಿ.ಡಿ. ಡಿಜಿಟಲ್ ಕಲಿಕೆಯ ಪ್ರಬಂಧವನ್ನು ಸಿ.ಡಿ.ಯಲ್ಲೇ ಕೊಡಬೇಕೆನ್ನುವ ವಿಭಾಗಗಳು ಇನ್ನೂ ಇವೆ. ಸಿ.ಡಿ. ಬರೆಯುವ ಯಂತ್ರ ಇವತ್ತು ಲ್ಯಾಪ್‌ಟಾಪಿನಲ್ಲಿ ಬರುವುದಿಲ್ಲ; ಊರಲ್ಲಿ ಉಳಿದಿದ್ದರೆ ಮದುವೆ ವಿಡಿಯೊ ಮಾಡುವವರ ಅಂಗಡಿಯಲ್ಲಿ.

"ಬರದು ಕೊಡ್ತೀನ್ರಿ ಸರ. ಆದ್ರ ನನ್ನ ಹತ್ರ ಉಳದಿರೂ ಸಿ.ಡಿ. ಮ್ಯಾಲೆ 'ಶುಭವಿವಾಹ' ಅಂತ ಮೊದಲ ಛಾಪ ಐತಿ. ನಡೀತೈತೇನ್ರಿ?"

ನಡೆಯುತ್ತದೆ. ವಿಭಾಗದಲ್ಲೂ ಅದನ್ನು ಹಾಕಿ ನೋಡುವ ಕಂಪ್ಯೂಟರ್ ಇಲ್ಲ.