ಫನ್ ಅಂದರೆ ಮೊದಲು ಮೋಸ!

"ವೀಕೆಂಡ್ ಸಖತ್ ಫನ್ ಇತ್ತು" ಅಂತ ಸ್ಟೇಟಸ್ ಹಾಕುವವರಿಗೆ ಒಂದು ಮಾತು ಗೊತ್ತಿರಲಿ. 1700ರ ಆಸುಪಾಸಿನ ಇಂಗ್ಲೆಂಡಿನಲ್ಲಿ ಫನ್ ಅಂದರೆ ಟೋಪಿ ಹಾಕುವುದು. ಕಳ್ಳಕಾಕರ ಮಾತುಗಳನ್ನು ಕೂಡಿಸಿಟ್ಟ ಆಗಿನ ನಿಘಂಟಿನಲ್ಲಿ ಅದಕ್ಕೆ ಕೊಟ್ಟಿದ್ದ ಅರ್ಥವೇ ಮೋಸ, ಕುಯುಕ್ತಿ.

ಅದಕ್ಕೂ ಹಿಂದೆ ಹೋದರೆ 'ಫಾನ್' ಅನ್ನೋ ಪದ ಸಿಗುತ್ತದೆ. ಹಾಗಂದರೆ ಪೆದ್ದ. ಫನ್ ಹುಟ್ಟಿದ್ದು ಬಹುಶಃ ಇದರಿಂದಲೇ ಅನ್ನುತ್ತಾರೆ ಬಲ್ಲವರು. 14ನೇ ಶತಮಾನದ ಕೊನೆಯಲ್ಲಿ ಇಂಗ್ಲಿಷ್ ಕವಿ ಚಾಸರ್ ಬರೆದ ಒಂದು ಕಥೆಯಲ್ಲಿ ಕೇಂಬ್ರಿಜ್‌ನ ಇಬ್ಬರು ಹುಡುಗರು ಗೋಧಿ ಬೀಸಿಸಲು ಹೋಗುತ್ತಾರೆ. ಗಿರಣಿಯವನು ಶುದ್ಧ ಕಳ್ಳ. ಸದ್ದಿಲ್ಲದೆ ಅವರ ಕುದುರೆಯ ಹಗ್ಗ ಬಿಚ್ಚಿಬಿಡುತ್ತಾನೆ. ಇವರು ಅದರ ಹಿಂದೆ ಓಡುವಾಗ ಇತ್ತ ಹಿಟ್ಟು ಮಾಯ. "ಕುದುರೇನ ಕೊಟ್ಟಿಗೇಲಿ ಯಾಕೆ ಕಟ್ಟಲಿಲ್ಲ? ನೀನೊಬ್ಬ ಫಾನ್!" ಅಂತ ಒಬ್ಬ ಇನ್ನೊಬ್ಬನಿಗೆ ಬೈಯುತ್ತಾನೆ. ಮೋಸ ಮಾಡಿದವನು, ಮೋಸ ಹೋದ ಪೆದ್ದ, ನೋಡಿ ನಗುವ ನಾವು. ಪದದ ಮುಂದಿನ ಜಾತಕವೆಲ್ಲ ಈ ಒಂದೇ ದೃಶ್ಯದಲ್ಲಿದೆ, ಅಲ್ವಾ? (ಅಕ್ಕರೆಯ 'ಫಾಂಡ್' ಕೂಡ ಇದೇ ಮನೆತನದ್ದು. ಶೇಕ್ಸ್‌ಪಿಯರ್ ನಾಟಕದ ಮುದಿ ರಾಜ ಕಿಂಗ್ ಲಿಯರ್ ತನ್ನನ್ನು 'ಫಾಂಡ್' ಮುದುಕ ಅಂದುಕೊಳ್ಳುವಾಗ ಅದರರ್ಥ ಅರಳುಮರಳು.)

1720ರ ದಶಕದ ಹೊತ್ತಿಗೆ ಫನ್ ಅಂದರೆ ಮೋಜು ಅಂತಲೂ ಆಗಿತ್ತು. ಆದರೂ 1755ರಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ತನ್ನ ದೊಡ್ಡ ನಿಘಂಟಿನಲ್ಲಿ ಇದು 'ಕೀಳು ಜನರ ಮಾತು' ಅಂತ ಮೂಗು ಮುರಿದ. ತಮಾಷೆ ಏನೆಂದರೆ, ಅದೇ ಸಾಲಿನಲ್ಲಿ ಅರ್ಥ ಕೊಡುವಾಗ ಆಟ, ಭಾರಿ ನಗು, ಕುಣಿದಾಡುವ ಖುಷಿ ಅಂತ ಮನಸಾರೆ ಬರೆದಿದ್ದಾನೆ! ಬೈಗುಳ ಪಂಡಿತನದು, ಅರ್ಥ ಪದದ ರುಚಿ ಕಂಡವನದು. ನನಗೆ ಜಾನ್ಸನ್ ಇಷ್ಟವಾಗುವುದು ಇಲ್ಲೇ. ಮಡಿವಂತಿಕೆ ಇದ್ದರೂ ಪದವನ್ನು ಹೊರಗೆ ಹಾಕಲಿಲ್ಲ. ಹೊಸ ಮಾತು ಕಂಡರೆ "ಇದೂ ಒಂದು ಭಾಷೆಯಾ?" ಅಂತ ಕಾಮೆಂಟು ಕುಟ್ಟುವ ಈಗಿನವರಿಗೆ ಅಷ್ಟೂ ತಾಳ್ಮೆ ಇಲ್ಲ.

1785ರಲ್ಲಿ ಫ್ರಾನ್ಸಿಸ್ ಗ್ರೋಸ್‌ಗೆ ಈ ಮಡಿಯೇ ಇರಲಿಲ್ಲ. ಬೀದಿ ಮಾತಿನ ನಿಘಂಟು ಮಾಡಿದ ಆಸಾಮಿ ಅವನು. ಫನ್‌ಗೆ ಮೋಸ ಅಂತ ಬರೆದು, ಪಕ್ಕದಲ್ಲೇ ಅಂಡು ಅಂತಲೂ ಬರೆದ. "ನಿನ್ನ ಫನ್‌ಗೆ ಒದೀತೀನಿ" ಅಂತ ಉದಾಹರಣೆ ಬೇರೆ!

ಹಳೆಯ ಬುದ್ಧಿ ಪೂರ್ತಿ ಬಿಟ್ಟಿಲ್ಲ ಈ ಪದ. 'ಮೇಕ್ ಫನ್' ಮಾಡುವುದೆಂದರೆ ಈಗಲೂ ಗೇಲಿಯೇ. 'ಫನ್ನಿ ಬಿಸಿನೆಸ್' ಅಂದರೆ ಕಳ್ಳ ವ್ಯವಹಾರ. ಲೆಕ್ಕದಲ್ಲಿ ಏನೋ 'ಫನ್ನಿ' ಇದೆ ಅಂತ ಆಡಿಟರ್ ಹೇಳಿದರೆ ಆಫೀಸಿನಲ್ಲಿ ಯಾರೂ ನಗುವುದಿಲ್ಲ.